ಕಂಡಕ್ಟರ್ ಅಕ್ಕನ ಬೆರಳುದ್ದದ ಗಾಡಿಗಳು

ನಮ್ಮ ಬಸ್ಸಿನ ಕಂಡಕ್ಟರ್ ಅಕ್ಕನ ಚೀಲದಲ್ಲಿ ಯಾವಾಗಲೂ ಒಂದು ಕಾರು ಇರುತ್ತಿತ್ತು. ಬೆರಳುದ್ದದ ಕಾರು. ಎರಕದ ಲೋಹದ್ದು, ಅಂಗೈಯಲ್ಲಿಟ್ಟರೆ ತೂಕ ಗೊತ್ತಾಗುವಂಥದ್ದು. ಮಕ್ಕಳು ಆಡಿ ಬಿಸಾಕಿದ, ಬಣ್ಣ ಹೋದ, ಚಕ್ರ ಸೊಟ್ಟಾದ ಆಟಿಕೆ ಕಾರುಗಳನ್ನು ರಾಣೆಬೆನ್ನೂರಿನ ಸಂತೆಯ ಗುಜರಿಯವನ ರಾಶಿಯಲ್ಲಿ ಹುಡುಕಿ ತರುತ್ತಿದ್ದರು. ಮನೆಯಲ್ಲಿ ಅವನ್ನು ಬಿಚ್ಚಿ, ಕೊರೆದು, ಬಣ್ಣ ಹಚ್ಚಿ ಬೇರೆಯದೇ ಗಾಡಿ ಮಾಡುತ್ತಿದ್ದರು. ಬಸ್ಸು ಎಲ್ಲಾದರೂ ರೈಲ್ವೆ ಗೇಟಿಗೆ ನಿಂತಿತೋ, ಚೀಲದಿಂದ ಕಾರು ಹೊರಗೆ ಬರುತ್ತಿತ್ತು. ಜೊತೆಗೊಂದು ಸಣ್ಣ ಉಜ್ಜುಕಾಗದದ ತುಂಡು. ಗೇಟು ತೆರೆಯುವಷ್ಟರಲ್ಲಿ ಒಂದು ಬಾನೆಟ್ಟು ನುಣುಪಾಗಿರುತ್ತಿತ್ತು.

ನಾನು ರಾಣೆಬೆನ್ನೂರಿನವಳು. ಬಿ.ಎಸ್ಸಿ. ಮುಗಿಸಿ ಬ್ಯಾಡಗಿಯ ಮಾರುಕಟ್ಟೆ ಪ್ರಾಂಗಣದ ಪಕ್ಕದಲ್ಲಿರುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ಮೆಣಸಿನಕಾಯಿಯ ಬಣ್ಣ ಅಳೆಯುವ ಕೆಲಸ ಮಾಡುತ್ತೇನೆ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿಟ್ಟು, ಇಳಿದ ಕೆಂಪನ್ನು ಯಂತ್ರಕ್ಕೆ ತೋರಿಸಿ, ಅದು ಹೇಳಿದ ಅಂಕಿ ಬರೆದುಕೊಳ್ಳುವುದು. ಅಸಿಟೋನ್ ಎಂದರೆ ಉಗುರಿನ ಬಣ್ಣ ಅಳಿಸುವ ದ್ರವ. ಅದರ ಆವಿ ಕಿಡಿ ಕಂಡರೆ ಸಾಕು, ಹೊತ್ತಿಕೊಳ್ಳುತ್ತದೆ. ಹಳೆಯ ಬಣ್ಣ ಕೀಳಲು ಅಕ್ಕ ಬಳಸುತ್ತಿದ್ದ ಥಿನ್ನರಿನದೂ ಅದೇ ಗುಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆ ಭಾನುವಾರ ಅಕ್ಕನ ಮನೆಯಲ್ಲಿದ್ದ ಮೂವರಲ್ಲಿ ಇದನ್ನು ಓದಿ ಪರೀಕ್ಷೆ ಪಾಸಾದವಳು ನಾನೊಬ್ಬಳೇ. ಸ್ವಿಚ್ ಒತ್ತಿದವಳೂ ನಾನೇ. ಅವರ ಬಲಗೈ ಸುಟ್ಟಿತು. ಆ ಕೈಯಿಂದ ಅವರು ಇನ್ನೊಂದು ಗಾಡಿ ಮಾಡಿಯಾರೋ ಇಲ್ಲವೋ ಎಂಬ ಪ್ರಶ್ನೆಯನ್ನು ಎಂಟು ತಿಂಗಳು ಹೊತ್ತು ತಿರುಗಿದ್ದೇನೆ.

ಹೋದ ತಿಂಗಳು ಅವರು ನಿವೃತ್ತರಾದರು. ಆ ಬಸ್ಸಿನಲ್ಲಿ ಈಗ ಬೇರೆ ಕಂಡಕ್ಟರ್ ಇದ್ದಾನೆ, ಒಳ್ಳೆಯ ಹುಡುಗ, ರೈಲ್ವೆ ಗೇಟಿನಲ್ಲಿ ಮೊಬೈಲ್ ನೋಡುತ್ತಾನೆ. ಅಕ್ಕನ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಬೆಂಕಿಯೇ ಮೊದಲು ಕಣ್ಣಿಗೆ ಬರುತ್ತದೆ. ಆದರೆ ಅವರನ್ನು ಬೆಂಕಿಯಿಂದ ಶುರು ಮಾಡುವುದು ಅನ್ಯಾಯ. ಗಾಡಿಗಳಿಂದಲೇ ಶುರು ಮಾಡುತ್ತೇನೆ.

ನಮ್ಮ ಪರಿಚಯ ಆದದ್ದು ಒಂದು ಹಂಪಿನ ಮೇಲೆ. ಡ್ರೈವರ್ ಬ್ರೇಕ್ ಹಾಕಿದ, ಏನೋ ಉರುಳಿ ಬಂದು ನನ್ನ ಚಪ್ಪಲಿಗೆ ತಾಗಿತು. ಮುಂದಿನಿಂದ ಕೂಗು ಬಂತು.

"ಏ ತಂಗಿ, ನಿನ್ನ ಕಾಲಾಗ ನನ್ನ ಲಾರಿ ಬಂದೈತಿ ನೋಡು. ತುಳಿಬ್ಯಾಡ, ನಿನ್ನೆರ ಬಣ್ಣ ಒಣಗೈತಿ!"

ಬಗ್ಗಿ ಎತ್ತಿಕೊಂಡೆ. ಮೂತಿ ವಿದೇಶಿ ಸ್ಪೋರ್ಟ್ಸ್ ಕಾರಿನದು, ಚೂಪಾಗಿ ನೆಲಕ್ಕೆ ಬಾಗಿದ್ದು. ಹಿಂದಿನ ಅರ್ಧ ಕೊಯ್ದು ತೆಗೆದು ಅಲ್ಲಿ ತಗಡಿನ ತೊಟ್ಟಿ ಕೂರಿಸಿದ್ದರು. ತೊಟ್ಟಿಯೊಳಗೆ ಗೋಣಿಯ ಬಟ್ಟೆಯಿಂದ ಹೊಲಿದ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಮೆಣಸಿನಕಾಯಿ ಚೀಲಗಳು, ಬಾಯಿಗೆ ಕೆಂಪು ದಾರ. ಮುಂದೆ ದೃಷ್ಟಿಗೆ ಅಂತ ಹಳದಿ ಮಣಿಯೊಂದು ತೂಗುತ್ತಿತ್ತು. ಟಿಕೆಟ್ ಕೊಡುತ್ತ ನನ್ನ ಸೀಟಿನ ಹತ್ತಿರ ಬಂದಾಗ ಕೇಳಿದೆ.

"ಇದು ಸ್ಪೋರ್ಟ್ಸ್ ಕಾರ್ ಅಲ್ಲೇನ್ರಿ ಅಕ್ಕಾರ?"

"ಆಗಿತ್ತು. ಬ್ಯಾಡಗಿಗೆ ಬಂದ ಮ್ಯಾಲೆ ಸುಮ್ನ ಕುಂತ್ರ ನಡೀತೈತೇನು? ದುಡಿಬೇಕಲ್ಲ."

ಹೇಳಿ ಕಾರು ಇಸಿದುಕೊಂಡು, "ಮುಂದ ಸರೀರಿ, ಮುಂದ ಏನ್ ಹುಲಿ ಕುಂತೈತೇನು?" ಎಂದು ಬಾಗಿಲಲ್ಲಿ ನಿಂತವರನ್ನು ಗದರುತ್ತ ಹೋದರು. ನಾನು ಊರು ಬರುವವರೆಗೂ ನಗುತ್ತಿದ್ದೆ.

ಅವರ ಮನೆ ಬ್ಯಾಡಗಿಯಲ್ಲಿ, ನಮ್ಮ ಪ್ರಯೋಗಾಲಯದಿಂದ ನಾಲ್ಕು ಓಣಿ ಆಚೆ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಸೊಸೆ ಇಬ್ಬರೇ. ಭಾನುವಾರ ನಾನು ಹೋಗಿ ಕೂರುವುದು ರೂಢಿಯಾಯಿತು. ಬಾಗಿಲಲ್ಲೇ ಅತ್ತೆಯ ಸ್ವಾಗತ: "ಬಾರವಾ, ನಮ್ಮ ಸೊಸಿ ವಾರೆಲ್ಲಾ ಬಸ್ಸಿನಾಗ ಊರ ತಿರಗ್ತಾಳ, ರವಿವಾರ ಮನ್ಯಾಗ ಗಾಡಿ ಆಡ್ತಾಳ. ಅರವತ್ತಕ್ಕ ಬಂದಾಳ, ನೀನರ ಒಂದೀಟ್ ಬುದ್ಧಿ ಹೇಳು." ಬುದ್ಧಿ ಹೇಳು ಎಂದವರೇ ತಮ್ಮ ಹಳೆಯ ಕುಪ್ಪಸದ ಚಮಕಿಗಳನ್ನು ಬಿಚ್ಚಿ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಅವು ಗಾಡಿಗಳ ಹಿಂದಿನ ದೀಪಗಳಾಗುತ್ತಿದ್ದವು.

ಕಿಟಕಿಗಾಜಿಗೆ ಗುಳಿಗೆ ಪಟ್ಟಿಯ ಪ್ಲಾಸ್ಟಿಕ್ಕು. ಮಡ್‌ಗಾರ್ಡಿಗೆ ಪಂಕ್ಚರ್ ಅಂಗಡಿಯ ಟ್ಯೂಬಿನ ಚೂರು. ಬಣ್ಣಕ್ಕೆ ಉಗುರಿನ ಬಣ್ಣ. ರಾಣೆಬೆನ್ನೂರಿನ ಬಳೆ ಅಂಗಡಿಯವನು ಒಮ್ಮೆ ನನ್ನೆದುರೇ ತಡೆದು ಹೇಳಿದ್ದ.

"ಅಕ್ಕಾರ, ಈ ಹಸರ ಬ್ಯಾಡ್ರಿ. ಯಾರೂ ಹಚ್ಚಂಗಿಲ್ಲ. ವರ್ಷದಿಂದ ಹಂಗ ಕುಂತೈತಿ."

"ನನ್ನ ಟ್ರ್ಯಾಕ್ಟರ್ ಹಚ್ಚತೈತಿ, ಕೊಡಪಾ."

ಅವನು ಬಾಟಲಿ ಕಟ್ಟಿಕೊಟ್ಟ. ಅವರ ಉಗುರನ್ನು ಮಾತ್ರ ಬಾಗಿಲು ದಾಟುವವರೆಗೂ ನೋಡುತ್ತಿದ್ದ. ಅಕ್ಕನ ಉಗುರುಗಳಿಗೆ ಎಂದೂ ಬಣ್ಣವಿರಲಿಲ್ಲ. ಸಂದಿಯಲ್ಲಿ ಮಾತ್ರ ಏಳೆಂಟು ಬಣ್ಣ ಇರುತ್ತಿದ್ದವು.

ಕಾರಿನ ಹೊಟ್ಟೆಯಡಿ ಎರಡು ರಿವೆಟ್ಟುಗಳಿರುತ್ತವೆ. ಕೈ ಡ್ರಿಲ್ಲಿನಿಂದ ಅವನ್ನು ಕೊರೆದರೆ ಮೇಲಿನ ಲೋಹದ ಕವಚ, ಒಳಗಿನ ಸೀಟು, ಕೆಳಗಿನ ಅಡಿ ಮೂರೂ ಬೇರೆಯಾಗುತ್ತವೆ. ಅದಕ್ಕೆ ಅವರು "ಅಂಗಿ ಬಿಚ್ಚಸೂದು" ಎನ್ನುತ್ತಿದ್ದರು. ಆಮೇಲೆ ಕವಚವನ್ನು ಥಿನ್ನರಿನಲ್ಲಿ ಮುಳುಗಿಸಿ ಹಳೆಯ ಬಣ್ಣ ಕೀಳುವುದು. ಬರೀ ಲೋಹ ಕಂಡಾಗ ಒಂದು ನಿಮಿಷ ಸುಮ್ಮನೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಈಗ ಇದಕ್ಕ ಊರಿಲ್ಲ, ಮಾಲಕಿಲ್ಲ. ಎಲ್ಲಿಗಿ ಹೋಗ್ತೀಯಪಾ, ಹೇಳು" ಎಂದು ಅದನ್ನೇ ಕೇಳುತ್ತಿದ್ದರು, ಟಿಕೆಟ್ ಕೇಳುವ ದನಿಯಲ್ಲಿ.

ಮುಗಿದ ಪ್ರತಿಯೊಂದು ಗಾಡಿಗೂ ಪರೀಕ್ಷೆ ಇತ್ತು. ಬಟ್ಟೆ ಉಜ್ಜುವ ಗೀರುಗೀರಿನ ಮರದ ಹಲಗೆಯನ್ನು ಗೋಡೆಗೆ ಓರೆಯಾಗಿ ಆನಿಸಿ ಅದಕ್ಕೆ 'ಐರಣಿ ರಸ್ತೆ' ಎಂದು ಹೆಸರಿಟ್ಟಿದ್ದರು. ಹೊಸದಾಗಿ ಡ್ಯೂಟಿಗೆ ಸೇರಿದಾಗ ಅವರು ಐರಣಿ ಕಡೆಯ ಬಸ್ಸಿನಲ್ಲಿದ್ದರಂತೆ. ಆಗಿನ ಆ ರಸ್ತೆ ಅವರ ಸೊಂಟಕ್ಕೆ ಇನ್ನೂ ನೆನಪಿತ್ತು. ಗಾಡಿ ಹಲಗೆಯ ಮೇಲಿಂದ ಉರುಳಿ, ಹೊಟ್ಟೆ ತಾಗದೆ, ಮಗುಚದೆ ಕೆಳಗೆ ಬಂದರೆ ಪಾಸು. ಎಂಥ ನವಿರಾದ ವಿದೇಶಿ ಕಾರಾದರೂ ಅವರ ಕೈಗೆ ಬಂದ ಮೇಲೆ ಎರಡು ಗೀರು ಎತ್ತರ ಬೆಳೆದು, ದಪ್ಪ ಟಯರು ಹಾಕಿಕೊಂಡು, ತಲೆಯ ಮೇಲೆ ಕ್ಯಾರಿಯರ್ ಹೊತ್ತು ಹೊರಬರುತ್ತಿತ್ತು.

ಇನ್ನೊಂದು ನಿಯಮ: ಗಾಡಿ ಹೊಸದಾಗಿ ಕಾಣಕೂಡದು. ಓಣಿಯ ಕೊನೆಯಲ್ಲೊಬ್ಬ ಟೆಂಪೋ ಡ್ರೈವರ್ ಇದ್ದ. ಅವನ ಟೆಂಪೋದ್ದೇ ನಕಲು ಮಾಡಿ ಅವನ ಕೈಗೆ ಕೊಟ್ಟರು. ಅವನು ಖುಷಿಯಿಂದ ತಿರುಗಿಸಿ ನೋಡುತ್ತ ಎಡಗಡೆಗೆ ಬಂದು ನಿಂತುಬಿಟ್ಟ.

"ಅಕ್ಕಾರ, ಇಲ್ಲಿ ಡೆಂಟ್ ಯಾಕ ಮಾಡೀರಿ?"

"ಡೆಂಟ್ ಮಾಡಿದಾಂವ ನೀ. ನಾ ಬರೇ ನಕಲ ಮಾಡೇನಿ."

"ಅದ ನಂದಲ್ರಿ, ಆ ಗೇಟಿನ ಕಂಬದ್ದು ತಪ್ಪು!"

"ಹೌದಪಾ. ಕಂಬ ಓಡಿ ಬಂದು ಹಾಯ್ದಿರಬೇಕು."

ಈಗ ಆ ಭಾನುವಾರ.

ಮೆಣಸಿನಕಾಯಿಯ ಸುಗ್ಗಿ. ಪ್ರಾಂಗಣದ ಕಡೆಯಿಂದ ಗಾಳಿ ಬೀಸಿದರೆ ಕೆಂಪು ಧೂಳು ಇಡೀ ಊರಿನ ಮೇಲೆ ಕೂರುವ ಕಾಲ. ಮನೆಗಳವರಿಗೆ ಅದು ಬರೀ ಕಸ, ಅಕ್ಕನಿಗೆ ವೈರಿ. ಹಸಿ ವಾರ್ನಿಷಿನ ಮೇಲೆ ಒಂದು ಕಣ ಬಿದ್ದರೆ, ಬೆರಳುದ್ದದ ಗಾಡಿಯ ಮೇಲೆ ಅದು ಬಂಡೆಯಷ್ಟು ಕಾಣುತ್ತದೆ. ಹಾಗಾಗಿ ಸುಗ್ಗಿ ಮುಗಿಯುವವರೆಗೆ ಅವರ ಕೆಲಸದ ಕೋಣೆಯ ಎರಡೂ ಕಿಟಕಿ ಮುಚ್ಚಿರುತ್ತಿದ್ದವು. ಸಂದಿಗಳಿಗೆ ಅತ್ತೆಯ ಹಳೆಯ ಸೀರೆಯನ್ನು ಒದ್ದೆ ಮಾಡಿ ತುರುಕಿರುತ್ತಿದ್ದರು. ಒದ್ದೆಗೆ ಧೂಳು ಅಂಟುತ್ತದೆ ಎಂದು.

ಅಂದು ಮೇಜಿನ ಮೇಲೆ ಅಗಲ ಬಾಯಿಯ ಸ್ಟೀಲ್ ಬೋಗುಣಿಯಲ್ಲಿ ಥಿನ್ನರು, ಅದರಲ್ಲಿ ಬಣ್ಣ ಬಿಡುತ್ತ ಮಲಗಿದ್ದ ಮೂರು ಕಾರುಗಳು. ಪಕ್ಕದಲ್ಲಿ ಆಗಷ್ಟೇ ಮೂರು ಸಲ ವಾರ್ನಿಷ್ ಸಿಂಪಡಿಸಿದ ಒಂದು ಜೀಪು. ನಾವಿಬ್ಬರೂ ಕೆಮ್ಮುತ್ತಿದ್ದೆವು. ಕಣ್ಣಲ್ಲಿ ನೀರು. ಅಡುಗೆಮನೆಯಿಂದ ಅತ್ತೆ ಕೂಗಿದರು.

"ಯಾರ ಚೀಲ ಬಿಚ್ಚ್ಯಾರ? ಏನ್ ಘಾಟವಾ ಇದು!"

"ಬ್ಯಾಡಗ್ಯಾಗ ಹುಟ್ಟಿ ಬೆಳದಾಕಿ ಘಾಟಿಗೆ ಅಳಾಕತ್ತೀಯಲ್ಲ ಅತ್ತಿ!" ಎಂದರು ಅಕ್ಕ. ಮೂವರೂ ನಕ್ಕೆವು, ಕೆಮ್ಮುತ್ತಲೇ.

ಬ್ಯಾಡಗಿಯಲ್ಲಿ ಕೆಮ್ಮು ಬಂದರೆ ಯಾರೂ ಕಾರಣ ಹುಡುಕುವುದಿಲ್ಲ. ಕಾರಣ ಊರಲ್ಲೇ ಇದೆ. ಅವತ್ತು ಭಾನುವಾರ, ಪೇಟೆ ಬಂದ್, ಪ್ರಾಂಗಣದಲ್ಲಿ ಒಂದೇ ಒಂದು ಚೀಲ ಬಿಚ್ಚಿರಲಿಲ್ಲ ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಘಾಟು ಹೊರಗಿನಿಂದ ಬರುತ್ತಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ನಮ್ಮ ಮೂಗಿನ ಕೆಳಗೇ, ಆ ಬೋಗುಣಿಯಿಂದ ಏಳುತ್ತಿತ್ತು. ದಿನವಿಡೀ ಅದರಂಥದ್ದೇ ವಾಸನೆಯಲ್ಲಿ ಕೆಲಸ ಮಾಡುವ ನನ್ನ ಮೂಗಂತೂ ಅದನ್ನು ಎಣಿಸುವುದನ್ನೇ ಬಿಟ್ಟಿತ್ತು.

ಅಕ್ಕ ಬಲಗೈಯನ್ನು ಥಿನ್ನರಿನಲ್ಲಿ ಅದ್ದಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದು ಕಾರನ್ನು ತಿಕ್ಕುತ್ತಿದ್ದರು. ತಲೆ ಎತ್ತದೆ ಹೇಳಿದರು. "ತಂಗಿ, ಜೀಪಿಗಿ ಡ್ರೈಯರ್ ಹಿಡಿ. ಲಗೂ ಒಣಗಲಿ."

ಕೂದಲು ಒಣಗಿಸುವ ಡ್ರೈಯರ್ ಕೈಗೆತ್ತಿಕೊಂಡು ಗುಂಡಿ ಒತ್ತಿದೆ.

ದೊಡ್ಡ ಸದ್ದೇನೂ ಆಗಲಿಲ್ಲ. ಕೌದಿ ಕೊಡವಿದಾಗ ಆಗುವಂಥ 'ಭಪ್' ಎಂಬ ಸದ್ದು, ಅಷ್ಟೇ. ಮೇಜಿನ ಮೇಲೆ ನೀಲಿ ಬಣ್ಣದ್ದೇನೋ ಓಡಿತು, ಆಮೇಲೆ ಅದು ಹಳದಿಯಾಯಿತು. ಬೋಗುಣಿ ಹೊತ್ತಿತ್ತು. ಅಕ್ಕನ ಕೈ ಮಣಿಕಟ್ಟಿನವರೆಗೆ ಹೊತ್ತಿತ್ತು. ನಾನು ಡ್ರೈಯರ್ ಹಿಡಿದು ಹಾಗೇ ನಿಂತಿದ್ದೆ.

"ಇಳೀರಿ! ಇಳೀರಿ! ಹಿಂದಿನ ಬಾಗಲದಿಂದ ಇಳೀರಿ!"

ಅದು ಅವರ ಡ್ಯೂಟಿಯ ದನಿ. ಮೂವತ್ತು ವರ್ಷದ ಅಭ್ಯಾಸ, ಬಾಯಿಗೆ ಬಂದದ್ದು ಅದೇ. ನಾನೂ ಒಂದು ಕ್ಷಣ ನಿಜವಾಗಿ ಹಿಂದಿನ ಬಾಗಿಲು ಎಲ್ಲಿ ಎಂದು ಹುಡುಕಿದೆ. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಅವರು ನನ್ನ ಮೊಣಕಾಲಿಗೆ ಒದ್ದರು. ನಾನು ಹೊಸ್ತಿಲಾಚೆ ಬಿದ್ದೆ. ಬಿದ್ದಲ್ಲಿಂದ ನೋಡಿದ್ದು ಇನ್ನೂ ಕಣ್ಣ ಮುಂದೆ ಓಡುತ್ತದೆ: ಅವರು ಎಡಗೈಯಿಂದ ಕಿಟಕಿಯ ಒದ್ದೆ ಸೀರೆಯನ್ನು ಎಳೆದರು. ಮೊದಲು ಅದನ್ನು ಬೋಗುಣಿಯ ಮೇಲೆ ಹಾಕಿ ಒತ್ತಿದರು. ಅದು ಆರಿದ ಮೇಲೆ, ಅದೇ ಸೀರೆಯಲ್ಲಿ ತಮ್ಮ ಕೈ ಸುತ್ತಿಕೊಂಡರು.

ಮೊದಲು ಬೋಗುಣಿ, ಆಮೇಲೆ ಕೈ. ಬೋಗುಣಿ ಮಗುಚಿದರೆ ಬೆಂಕಿ ಹರಿಯುವುದು ಹೊಸ್ತಿಲ ಕಡೆಗೆ, ಅಲ್ಲಿ ಬಿದ್ದಿದ್ದವಳು ನಾನು. ನಡುವೆ ಹೋದದ್ದು ನಾಲ್ಕೋ ಐದೋ ಸೆಕೆಂಡು. ಈಗಲೂ ಮನೆಯಲ್ಲಿ ನನ್ನ ತಂಗಿ ಡ್ರೈಯರ್ ಹಿಡಿದು ಕೂದಲು ಒಣಗಿಸಲು ನಿಂತರೆ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ. ಅಲ್ಲಿ ನಿಂತು ಆ ಸೆಕೆಂಡುಗಳನ್ನು ಮತ್ತೆ ಎಣಿಸುತ್ತೇನೆ.

ಅತ್ತೆ ಶಾಯಿಯ ಬಾಟಲಿ ಹಿಡಿದು ಓಡಿ ಬಂದರು, ಸುಟ್ಟದ್ದಕ್ಕೆ ಹಚ್ಚಲು. "ಶಾಯಿ ಬ್ಯಾಡ್ರಿ, ನೀರು!" ಎಂದು ತಡೆದು ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಅಂದು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಕೂಗು ಕೇಳಿ ಟೆಂಪೋ ಡ್ರೈವರ್ ಗಾಡಿ ತಂದ. ಹಾವೇರಿಯ ದವಾಖಾನೆಗೆ ಹೊರಟೆವು. ಅವನು ಹೆದರಿ ಜೋರಾಗಿ ಹೊಡೆಯುತ್ತಿದ್ದ. ಅಕ್ಕ ಹಲ್ಲು ಕಚ್ಚಿ ಕೂತಿದ್ದವರು ಅರ್ಧ ದಾರಿಯಲ್ಲಿ ಬಾಯಿ ಬಿಟ್ಟರು.

"ಸಾವಕಾಶ ಹೊಡಿಯೋ. ಇನ್ನೊಂದ್ ಡೆಂಟ್ ಮಾಡ್ಕೊಂಡ್ರ ನಕಲ ಮಾಡಾಕ ಸದ್ಯಕ್ಕ ನನಗ ಕೈ ಇಲ್ಲ."

ಅವನು ಅಳುತ್ತಲೇ ನಕ್ಕ. ನನಗೆ ನಗಲಾಗಲಿಲ್ಲ.

ಗಾಯ ಮಾಯುತ್ತದೆ, ಆದರೆ ಬೆರಳುಗಳ ಚರ್ಮ ಬಿಗಿದುಕೊಳ್ಳಬಹುದು ಎಂದರು ಡಾಕ್ಟರು. ಹೆಬ್ಬೆರಳಿಗೂ ತೋರುಬೆರಳಿಗೂ ತುದಿ ಕೂಡುವುದು ಕಷ್ಟವಾದೀತು, ದಿನಾ ರಬ್ಬರ್ ಚೆಂಡು ಹಿಚುಕಬೇಕು ಎಂದರು. ಕುಂಚ ಹಿಡಿಯುವುದು ಆ ಎರಡು ಬೆರಳುಗಳ ತುದಿಯಲ್ಲೇ. ಅದನ್ನು ಕೇಳಿಸಿಕೊಂಡು ಮನೆಗೆ ಬಂದವಳು ಮತ್ತೆ ಅವರನ್ನು ನೋಡಲು ಹೋಗಲಿಲ್ಲ. ಅವರು ಡ್ಯೂಟಿಗೆ ಮರಳಿದ್ದಾರೆ, ಟಿಕೆಟ್ ಮಷೀನಿನ ಗುಂಡಿಗಳನ್ನು ಎಡಗೈಯಿಂದ ಒತ್ತುತ್ತಾರೆ ಎಂದು ಯಾರೋ ಹೇಳಿದ ದಿನವೇ ನಾನು ಬಸ್ಸು ಬಿಟ್ಟು ರೈಲು ಹಿಡಿದೆ. ಆ ಕೈಯನ್ನು ದಿನಾ ನೋಡುವ ಧೈರ್ಯ ನನಗಿರಲಿಲ್ಲ. ಹೇಡಿತನ ಎಂದು ಗೊತ್ತಿತ್ತು. ಗೊತ್ತಿದ್ದೂ ಆಮೇಲಿನ ತಿಂಗಳುಗಳನ್ನೆಲ್ಲ ರೈಲಿನಲ್ಲೇ ಓಡಾಡಿದೆ.

ಹೋದ ತಿಂಗಳ ಕೊನೆಯ ಸಂಜೆ, ಪ್ರಯೋಗಾಲಯದ ಬಾಗಿಲು ಯಾರೋ ತಳ್ಳಿದರು. ನೋಡಿದರೆ ಅಕ್ಕ. ಸೀರೆಯ ಮೇಲೆ ಖಾಕಿ ಅಂಗಿ, ಕೊರಳಲ್ಲಿ ಡಿಪೋದವರು ಹಾಕಿದ ಸೇವಂತಿಗೆ ಹಾರ.

"ರೈಲು ಆರಾಮ್ ಐತೇನು?" ಎಂದರು.

ನಾನು ಎದ್ದು ನಿಂತೆ.

"ಇವತ್ತ ನನ್ನ ಕಡೀ ಟ್ರಿಪ್ಪು. ನೀ ಕುಂದ್ರೂ ಸೀಟಿನಾಗ ಯಾವನೋ ಕೋಳಿ ಬುಟ್ಟಿ ಇಟ್ಕೊಂಡ್ ಕುಂತಿದ್ದ. ನಿನಗಿಂತಾ ಅದ ಚಲೋ, ದಾರಿತುಂಬ ಮಾತಾಡ್ತು."

"ಅಕ್ಕಾರ, ಸ್ವಿಚ್ ಒತ್ತಿದಾಕಿ ನಾನ್ರಿ."

"ಒತ್ತು ಅಂದಾಕಿ ಯಾರು? ಕಿಟಕಿ ಮುಚ್ಚಿದಾಕಿ ಯಾರು? ಎಲ್ಲಾ ತಪ್ಪು ನೀ ಒಬ್ಬಾಕೀನ ತಗೊಂಡ್ರ ನನಗೇನ್ ಉಳೀತು?" ಎಂದು ಚೀಲಕ್ಕೆ ಕೈ ಹಾಕಿದರು. ಬಲಗೈ. ಚರ್ಮ ಹೊಳೆಯುತ್ತಿತ್ತು, ಬೆರಳುಗಳು ಅರ್ಧ ಮಡಚಿದಂತೆ ನಿಂತಿದ್ದವು. ಹೆಬ್ಬೆರಳು ಮತ್ತು ನಡುಬೆರಳ ಮಧ್ಯೆ ಅಮುಕಿ ಹಿಡಿದು ಒಂದು ಬಿಳಿ ವ್ಯಾನನ್ನು ತೆಗೆದು ನನ್ನ ಮುಂದಿಟ್ಟರು. ಅದರ ಉದ್ದಕ್ಕೂ ಒಂದು ಕೆಂಪು ಗೆರೆ.

"ಎಡಗೈಲೆ ಮಾಡಿದ್ದು. ಮೊದಲನೇದು. ಹ್ಯಾಂಗೈತಿ?"

"ಚಲೋ..." ಎಂದು ಶುರು ಮಾಡಿದೆ.

"ಖರೇ ಹೇಳು. ಡಿಪೋದಾಗ ಎಲ್ಲಾರೂ ಭಾಳ ಚಂದ ಐತಿ ಅಂದ್ರು. ನನ್ನ ಕೈ ನೋಡಿ ಅಂದ್ರು, ಗಾಡಿ ನೋಡಿ ಅನ್ನಲಿಲ್ಲ. ನಿನ್ನ ಹಂತ್ಯಾಕ ಬಂದಿದ್ದು ಅದಕ್ಕ."

ವ್ಯಾನನ್ನು ದೀಪಕ್ಕೆ ಹಿಡಿದು ನೋಡಿದೆ.

"ಗೆರಿ ಸೊಟ್ಟ ಐತ್ರಿ ಅಕ್ಕಾರ. ಬಾಗಲದ ಹತ್ರ ಕೆಳಗ ಜಾರೈತಿ. ಹಿಂದ ದಪ್ಪ ಆಗೈತಿ."

ಅವರು ದೀರ್ಘವಾಗಿ ಉಸಿರು ಬಿಟ್ಟು ಸ್ಟೂಲಿನ ಮೇಲೆ ಕೂತರು. "ಹಾಂ. ಈಗ ಮಾತಾಡಿದಿ. ಅಳಸು ಅದನ್ನ."

ನಮ್ಮಲ್ಲಿ ಅಸಿಟೋನ್ ಬಳಸಲು ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ ಇದೆ. ಅದರ ಮೇಲಿನ ಫ್ಯಾನು ಆವಿಯನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ. ಫ್ಯಾನಿನ ಗುಂಡಿಯ ಮೇಲೆ ನನ್ನ ಬೆರಳು ನಿಂತೇಬಿಟ್ಟಿತು. ದಿನಕ್ಕೆ ಹತ್ತು ಸಲ ಒತ್ತುವ ಗುಂಡಿ. ಅವರು ನನ್ನ ಹಿಂದೆ ಕೂತಿದ್ದಾರೆ ಎನ್ನುವುದಷ್ಟೇ ವ್ಯತ್ಯಾಸ. ಅಕ್ಕ ಅವಸರ ಮಾಡಲಿಲ್ಲ. ಹಾರ ತೆಗೆದು ಪಕ್ಕಕ್ಕಿಟ್ಟು ಸುಮ್ಮನೆ ಕಾದರು. ಒತ್ತಿದೆ. ಫ್ಯಾನು ಗುಂಯ್ ಎಂದು ತಿರುಗಿತು.

"ಇಂಥಾದೊಂದು ಮನ್ಯಾಗ ಮಾಡಾಕ ಬರ್ತೈತೇನು?"

"ಬರ್ತೈತ್ರಿ. ಪೆಟ್ಟಿಗಿ ಒಂದು, ಫ್ಯಾನ್ ಒಂದು, ಪೈಪ್ ಒಂದು. ಫ್ಯಾನಿನ ಮೋಟಾರ್ ಆವಿ ದಾರ್ಯಾಗ ಇರಬಾರದು, ಅಷ್ಟ. ಕಿಡಿ ಅಲ್ಲೇ ಹಾರೂದು."

"ಹಂಗಾರ ರವಿವಾರ ಬಾ. ಈ ಸಲ ನೀ ಕಲತದ್ದ ಮೊದಲ ಹೇಳು, ಆಮ್ಯಾಲೆ ನಾ ಮಾಡ್ತೇನಿ."

ಹತ್ತಿಯಿಂದ ಒರೆಸಿದೆ. ಗೆರೆಯ ಜೊತೆ ಬಿಳಿ ಬಣ್ಣವೂ ಎದ್ದು ಬಂತು. ವ್ಯಾನಿನ ಒಂದು ಮಗ್ಗುಲಲ್ಲಿ ಬರೀ ಲೋಹ ಹೊಳೆಯಿತು. ಅಕ್ಕ ಅದನ್ನು ಇಸಿದುಕೊಂಡು ಬಲಗೈಯ ಮಡಚಿದ ಬೆರಳುಗಳ ನಡುವೆ ಸಿಕ್ಕಿಸಿದರು. ಅಲ್ಲಾಡದಂತೆ, ಇಕ್ಕಳದಲ್ಲಿ ಹಿಡಿದಂತೆ ಕೂತಿತು.

"ಇದಕ್ಕ ಈಗ ಹಿಡಕೊಳ್ಳೂದಷ್ಟ ಕೆಲಸ. ಬರಿಯೂದು ಆ ಕಡೀದು. ಅದಕ್ಕ ಇನ್ನೂ ರಸ್ತೆ ಗೊತ್ತಿಲ್ಲ" ಎಂದು, ಮೇಜಿನ ಮೇಲಿದ್ದ, ನಾವು ನಳಿಕೆಗಳಿಗೆ ಗುರುತು ಬರೆಯುವ ಮಾರ್ಕರನ್ನು ಎಡಗೈಗೆ ತೆಗೆದುಕೊಂಡರು. ನಾಲಿಗೆಯ ತುದಿ ಕಚ್ಚಿ, ಉಸಿರು ಹಿಡಿದು ಎಳೆದರು. ಗೆರೆ ಬಾನೆಟ್ಟಿನಿಂದ ನೆಟ್ಟಗೆ ಹೊರಟು, ಬಾಗಿಲ ಹತ್ತಿರ ಬಂದು ಮತ್ತೆ ಕೆಳಗೆ ಜಾರಿತು.

ನನ್ನ ಮುಖ ನೋಡಿದರು.

"ಸೊಟ್ಟ" ಎಂದೆ.

"ಅಳಸು" ಎಂದರು.

ಅಳಿಸಿದೆ. ಅವರು ಮತ್ತೆ ಎಳೆದರು.